ಕಾಪಿ ಬರೆಯುವುದು, ಕಾಪಿ ಹೊಡೆಯುವುದು

ನಮ್ಮ ಕನ್ನಡ ಶಾಲೆಗಳಲ್ಲಿ 'ಕಾಪಿ' ಎಂಬ ಮಾತು ಪುಣ್ಯಕ್ಕೂ ಸಲ್ಲುತ್ತದೆ, ಪಾಪಕ್ಕೂ ಸಲ್ಲುತ್ತದೆ. 'ನಾಳೆ ಒಂದು ಪುಟ ಕಾಪಿ ಬರೆದುಕೊಂಡು ಬನ್ನಿ' ಎಂದರೆ ಅದು ಒಳ್ಳೆಯ ಮಕ್ಕಳು ಮಾಡುವ ಕೆಲಸ. ಪುಟದ ಮೊದಲ ಗೆರೆಯಲ್ಲಿ ದುಂಡಗೆ ಅಚ್ಚಾಗಿರುವ ಅಕ್ಷರಗಳನ್ನು ನೋಡಿಕೊಂಡು ಕೆಳಗಿನ ಖಾಲಿ ಗೆರೆಗಳಲ್ಲಿ ಹಾಗೆಯೇ ಬರೆಯಬೇಕು. ಎಷ್ಟು ಹಾಗೆಯೇ ಇದ್ದರೆ ಅಷ್ಟು ಶಹಭಾಸ್. ಅದೇ ಮಗು ಪರೀಕ್ಷೆಯ ದಿನ ಪಕ್ಕದವರ ಹಾಳೆಯನ್ನು ನೋಡಿ ಹಾಗೆಯೇ ಬರೆದರೆ 'ಕಾಪಿ ಹೊಡೆದ' ಎಂಬ ಹೆಸರು ಹೊತ್ತುಕೊಂಡು ಮುಖ್ಯೋಪಾಧ್ಯಾಯರ ಕೋಣೆಯ ಮುಂದೆ ನಿಲ್ಲಬೇಕಾಗುತ್ತದೆ. ಕಣ್ಣು ಮಾಡಿದ ಕೆಲಸ ಒಂದೇ, ಕೈ ಮಾಡಿದ ಕೆಲಸವೂ ಒಂದೇ. ಕ್ರಿಯಾಪದವೊಂದು ಬದಲಾಯಿತು, ಅಷ್ಟೆ.

ಪರೀಕ್ಷೆಯಲ್ಲಿ ತಪ್ಪು, ಮನೆಪಾಠದಲ್ಲಿ ಸರಿ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಮೂವತ್ತು ವರ್ಷ ಕನ್ನಡ ಮತ್ತು ಸಮಾಜ ಪಾಠ ಮಾಡಿದ ನನಗೆ ಆ ಉತ್ತರ ಸಾಕೆನಿಸಿಲ್ಲ. ಪರೀಕ್ಷೆಯೂ ಅಲ್ಲದ, ಕಾಪಿ ಪುಸ್ತಕವೂ ಅಲ್ಲದ ದೊಡ್ಡ ಬಯಲೊಂದು ನಡುವೆ ಇದೆ. ಮಗು ಬರೆಯುವ ಕಥೆ, ಹಾಡುವ ಹಾಡು, ಬಿಡಿಸುವ ಚಿತ್ರ ಎಲ್ಲವೂ ಆ ಬಯಲಿನಲ್ಲೇ ಬೆಳೆಯುತ್ತವೆ. ಅಲ್ಲಿ ಯಾವುದು ಬರೆದದ್ದು, ಯಾವುದು ಹೊಡೆದದ್ದು? ಈ ಪ್ರಶ್ನೆಯನ್ನು ನನ್ನ ಮುಂದೆ ಹೊಸದಾಗಿ ತಂದಿಟ್ಟದ್ದು, ಯಾರೂ ನಿರೀಕ್ಷಿಸದಂಥ ಒಂದು ವಸ್ತು: ಕಂಪ್ಯೂಟರಿನಲ್ಲಿ ಸ್ವರಗಳನ್ನು ಬರೆದು ನುಡಿಸುವ 'ಟ್ರ್ಯಾಕರ್' ಎಂಬ ತಂತ್ರಾಂಶ.

ಇದರ ಕಥೆಯನ್ನು ಸ್ವಲ್ಪ ಹೇಳಬೇಕು. 1980ರ ದಶಕದ ಕೊನೆಯಲ್ಲಿ ಯುರೋಪಿನ ಎಷ್ಟೋ ಮನೆಗಳಿಗೆ ಕಮೊಡೋರ್ ಕಂಪನಿಯ 'ಅಮಿಗಾ' ಎಂಬ ಕಂಪ್ಯೂಟರ್ ಬಂದಿತು. ಜನ ಹೆಚ್ಚಾಗಿ ಕೊಂಡ ಅಮಿಗಾ 500 ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಅದರೊಳಗೆ ಸದ್ದು ಹೊರಡಿಸುವ 'ಪೌಲಾ' ಎಂಬ ಹೆಸರಿನ ಒಂದು ಚಿಪ್ಪು ಇತ್ತು. ಒಂದು ಸಲಕ್ಕೆ ನಾಲ್ಕು ದನಿಗಳನ್ನು ಅದು ನುಡಿಸಬಲ್ಲದಾಗಿತ್ತು. ಅದೇ 1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ಎಂಬವರು 'ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್' ಎಂಬ ತಂತ್ರಾಂಶ ಬರೆದರು. ಪರದೆಯ ಮೇಲೆ ನಾಲ್ಕು ದನಿಗಳಿಗೆ ನಾಲ್ಕು ಕಂಬಸಾಲು, ಮೇಲಿನಿಂದ ಕೆಳಕ್ಕೆ ಅರವತ್ತನಾಲ್ಕು ಅಡ್ಡಸಾಲು. ಯಾವ ಸಾಲಿನಲ್ಲಿ ಯಾವ ಸ್ವರ, ಯಾವ ವಾದ್ಯ ಎಂದು ಬರೆದುಬಿಟ್ಟರೆ ಯಂತ್ರ ಮೇಲಿನಿಂದ ಕೆಳಕ್ಕೆ ಓದುತ್ತಾ ನುಡಿಸುತ್ತದೆ. ವಾದ್ಯ ನುಡಿಸಲು ಬಾರದ, ಪಿಯಾನೋ ಕೊಳ್ಳಲು ಹಣವಿಲ್ಲದ ಹದಿನೈದು ಹದಿನಾರರ ಹುಡುಗರು ಸ್ವೀಡನ್, ನಾರ್ವೆ, ಫಿನ್ಲೆಂಡ್, ಜರ್ಮನಿಗಳ ತಮ್ಮ ಕೋಣೆಗಳಲ್ಲಿ ಕುಳಿತು ಸಂಗೀತ ಕಟ್ಟತೊಡಗಿದರು. 1989ರಲ್ಲಿ ಸ್ವೀಡನ್ನಿನಿಂದ 'ನಾಯ್ಸ್‌ಟ್ರ್ಯಾಕರ್', 1990ರಲ್ಲಿ 'ಪ್ರೊಟ್ರ್ಯಾಕರ್', 1994ರಲ್ಲಿ ಸಾಧಾರಣ ಪಿ.ಸಿ.ಗಳಿಗಾಗಿ 'ಫಾಸ್ಟ್‌ಟ್ರ್ಯಾಕರ್ 2' ಬಂದವು. ಆ ಕಾಲಕ್ಕೆ ನಮ್ಮೂರಿನ ಶಾಲೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ನಾನು ಇವುಗಳ ಹೆಸರನ್ನೂ ಕೇಳಿರಲಿಲ್ಲ. ತಂಗಿಯ ಮಗ ಈಚೆಗೆ ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೆ ಕೊಟ್ಟಾಗ ಅದರಲ್ಲಿ 'ಮಿಲ್ಕಿಟ್ರ್ಯಾಕರ್' ಎಂಬ ತಂತ್ರಾಂಶವಿತ್ತು. ಅದೂ ಇದೇ ವಂಶದ್ದು, ದುಡ್ಡು ಕೊಡದೆ ಸಿಗುವಂಥದ್ದು. ಹಾಗೆ ನಾನು ಐವತ್ತು ದಾಟಿದ ಮೇಲೆ ಈ ವಿದ್ಯೆಯ ಒಂದನೇ ತರಗತಿಗೆ ಸೇರಿದೆ.

ಇದರಲ್ಲಿ ಸ್ವರ ಬರೆಯುವುದು ಹೀಗೆ. ಟೈಪು ಮಾಡುವ ಕೀಲಿಮಣೆಯೇ ಹಾರ್ಮೋನಿಯಂ ಆಗುತ್ತದೆ. ಕೆಳಸಾಲಿನ ಮೊದಲ ಅಕ್ಷರವಾದ ಝಡ್ ಒತ್ತಿದರೆ ಪಾಶ್ಚಾತ್ಯರ ಸಿ ಸ್ವರ. ಅದರ ಬಲಕ್ಕಿರುವ ಅಕ್ಷರಗಳು ಬಿಳಿ ಮನೆಗಳು, ಮೇಲಿನ ಸಾಲಿನ ಎಸ್, ಡಿ, ಜಿ, ಎಚ್, ಜೆ ಕಪ್ಪು ಮನೆಗಳು. ಸಿ ಸ್ವರವನ್ನು ಷಡ್ಜವೆಂದು ಹಿಡಿದರೆ ನಾವು ಚಿಕ್ಕಂದಿನಲ್ಲಿ ಹೇಳಿಸಿಕೊಂಡ ಮಾಯಾಮಾಳವಗೌಳದ ಸರಿಗಮಪದನಿ ಎಂಬುದು ಝಡ್, ಎಸ್, ಸಿ, ವಿ, ಬಿ, ಎಚ್, ಎಂ ಆಗುತ್ತದೆ. ಮೇಲಿನ ಷಡ್ಜಕ್ಕೆ ಕ್ಯೂ. ಒಂದು ಸ್ವರ ಹಾಕಿದ ಮೇಲೆ ಎಷ್ಟು ಸಾಲು ಕೆಳಗಿಳಿಯಬೇಕೆಂದು ಮೊದಲೇ ಹೇಳಿಡಬಹುದು. ನಾನು ನಾಲ್ಕು ಎಂದು ಇಟ್ಟುಕೊಂಡೆ. ಆದಿತಾಳದ ಎಂಟು ಅಕ್ಷರಕ್ಕೆ ಮೂವತ್ತೆರಡು ಸಾಲು. ಆರೋಹಣ ಒಂದಾವರ್ತ, ಅವರೋಹಣ ಒಂದಾವರ್ತ, ಒಟ್ಟು ಅರವತ್ತನಾಲ್ಕು. ಮೊದಲನೆಯ ಸರಳೆ ವರಸೆ ಒಂದು ಪುಟಕ್ಕೆ ಅಳೆದಿಟ್ಟ ಹಾಗೆ ಕುಳಿತುಬಿಟ್ಟಿತು. ಜರ್ಮನಿಯ ಆ ಮನುಷ್ಯ ನಮ್ಮ ತಾಳವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದೇನಲ್ಲ. ನಾಲ್ಕು, ಎಂಟು, ಹದಿನಾರು ಎಂಬ ಎಣಿಕೆ ಕಂಪ್ಯೂಟರಿಗೂ ಇಷ್ಟ, ಆದಿತಾಳಕ್ಕೂ ಇಷ್ಟ. ಯಂತ್ರ ತನ್ನ ಮಾಮೂಲಿ ವೇಗದಲ್ಲಿ ಆ ಅರವತ್ತನಾಲ್ಕು ಸಾಲುಗಳನ್ನು ಏಳೂವರೆ ಸೆಕೆಂಡು ಚಿಲ್ಲರೆಯಲ್ಲಿ ನುಡಿಸಿ ಮುಗಿಸಿತು. ನನಗೆ ಬರೆಯಲು ಮುಕ್ಕಾಲು ಗಂಟೆ ಹಿಡಿದಿತ್ತು.

ಆಮೇಲೇನು ಮಾಡುವುದೆಂದು ಕೇಳಿದಾಗ ಹುಡುಗ ಹೇಳಿದ: "ದೊಡ್ಡಮ್ಮ, ಇನ್ನು ಬೇರೆಯವರದ್ದು ತೆಗೆದು ನೋಡಿ. ಎಲ್ಲರೂ ಹಾಗೇ ಕಲಿತದ್ದು."

ನಾನು ಹೇಳಬೇಕೆಂದಿರುವ ಮಾತು ಇಲ್ಲಿಂದ ಶುರುವಾಗುತ್ತದೆ. ಧ್ವನಿಮುದ್ರಿಕೆಯೊಂದನ್ನು ನಾವು ಕೇಳಬಹುದು, ಬಿಚ್ಚಿ ನೋಡಲಾಗುವುದಿಲ್ಲ. ಪಿಟೀಲಿನ ಹಿಂದೆ ಯಾವ ವಾದ್ಯವಿತ್ತು, ಯಾವ ಕ್ಷಣದಲ್ಲಿ ಯಾವ ಸ್ವರ ತಗ್ಗಿತು ಎಂದು ಕಿವಿಯಿಂದ ಊಹಿಸಬೇಕು. ಟ್ರ್ಯಾಕರಿನಲ್ಲಿ ಬರೆದ ಸಂಗೀತ ಹಾಗಲ್ಲ. 'ಮಾಡ್' ಎಂದು ಕರೆಯುವ ಆ ಕಡತದೊಳಗೆ ಬರೆದ ಸ್ವರಗಳೂ ಇರುತ್ತವೆ, ವಾದ್ಯಗಳ ಚಿಕ್ಕ ಚಿಕ್ಕ ಧ್ವನಿತುಣುಕುಗಳೂ ಇರುತ್ತವೆ. ಕೇಳುವವನ ಯಂತ್ರವೇ ಅವುಗಳನ್ನು ಓದಿ ನುಡಿಸಿಕೊಳ್ಳಬೇಕು. ಆದ್ದರಿಂದ ಕೇಳಲು ಕೊಟ್ಟದ್ದೆಲ್ಲ ನೋಡಲೂ ಕೊಟ್ಟದ್ದೇ. ಯಾರು ಬೇಕಾದರೂ ತಮ್ಮ ಟ್ರ್ಯಾಕರಿನಲ್ಲಿ ಅದನ್ನು ತೆರೆದು, ಒಂದು ದನಿಯನ್ನು ಮುಚ್ಚಿ ಇನ್ನೊಂದನ್ನು ಮಾತ್ರ ಕೇಳಿ, ಸಾಲು ಸಾಲಾಗಿ ಓದಬಹುದು. ಇದು ಯಾರ ಔದಾರ್ಯದಿಂದಲೂ ಹುಟ್ಟಿದ ಗುಣವಲ್ಲ. ಅಮಿಗಾದ ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದು 880 ಕಿಲೋಬೈಟು; ಪೂರ್ತಿ ಹಾಡನ್ನು ಮುದ್ರಿಸಿ ಇಡುವಷ್ಟು ಜಾಗವೇ ಇರಲಿಲ್ಲ. ಬಡತನದಿಂದಾಗಿ ಮನೆಗೆ ಬಾಗಿಲು ಹಾಕಿಸಲಾಗಲಿಲ್ಲ, ಬಾಗಿಲಿಲ್ಲದ್ದರಿಂದ ನೆರೆಯ ಮಕ್ಕಳೆಲ್ಲ ಒಳಗೆ ಬಂದು ಕಲಿತರು ಎಂದ ಹಾಗೆ.

ಒಂದು ಉದಾಹರಣೆ ಕೊಡುತ್ತೇನೆ. ಪಾಶ್ಚಾತ್ಯ ಸಂಗೀತದಲ್ಲಿ ಮೂರು ಸ್ವರಗಳನ್ನು ಒಟ್ಟಿಗೆ ನುಡಿಸಿ ಒಂದು ಸ್ವರಗುಚ್ಛ ಮಾಡುತ್ತಾರೆ. ಇರುವುದೇ ನಾಲ್ಕು ದನಿ. ಮೂರನ್ನು ಗುಚ್ಛಕ್ಕೇ ಕೊಟ್ಟರೆ ತಾಳಕ್ಕೆ, ರಾಗಕ್ಕೆ ಉಳಿಯುವುದೇನು? ಹಳಬರ ಕಡತಗಳನ್ನು ತೆರೆದಾಗ ಸ್ವರದ ಪಕ್ಕದಲ್ಲಿ 047 ಎಂಬ ಅಂಕೆ ಮತ್ತೆ ಮತ್ತೆ ಕಾಣಿಸಿತು. ಬರೆದ ಸ್ವರ, ಅದರಿಂದ ನಾಲ್ಕು ಮನೆ ಮೇಲಿನದು, ಏಳು ಮನೆ ಮೇಲಿನದು, ಈ ಮೂರನ್ನೂ ಒಂದಾದ ಮೇಲೊಂದರಂತೆ ಮಿಂಚಿನ ವೇಗದಲ್ಲಿ ತಿರುಗಿಸು ಎಂದು ಅದರ ಅರ್ಥ. ಸೆಕೆಂಡಿಗೆ ಐವತ್ತು ಬಾರಿ ಬದಲಾಗುವ ಸ್ವರಗಳನ್ನು ಕಿವಿ ಬಿಡಿಸಿಕೊಳ್ಳಲಾರದೆ ಒಂದು ಮಿನುಗುವ ಗುಚ್ಛವೆಂದೇ ನಂಬುತ್ತದೆ. 037 ಎಂದು ಬರೆದರೆ ಗುಚ್ಛದ ಮುಖ ಸ್ವಲ್ಪ ಬಾಡುತ್ತದೆ. ಇನ್ನೊಬ್ಬರ ಕಡತದಲ್ಲಿ ಒಂದು ದನಿಯ ಸ್ವರಗಳೇ ಕೆಲವು ಸಾಲು ತಡವಾಗಿ, ಮೆಲುವಾಗಿ, ಪಕ್ಕದ ದನಿಯಲ್ಲಿ ಕಾಣಿಸಿದವು. ಕೇಳಿದರೆ ಗುಡಿಯ ಪ್ರಾಕಾರದಲ್ಲಿ ಹಾಡಿದಂತೆ ಪ್ರತಿಧ್ವನಿ. ನಮ್ಮ ಸಂಗೀತದ ಪುಸ್ತಕಗಳಲ್ಲಿ ಸ್ವರ ಬರೆದಿರುತ್ತದೆ, ಗಮಕ ಬರೆದಿರುವುದಿಲ್ಲ. ಇಲ್ಲಿ ಜಾರಿಗೊಂದು ಅಂಕೆ, ಕಂಪಿತಕ್ಕೊಂದು ಅಂಕೆ; ಎಷ್ಟು ಬೇಗ ನಡುಗಬೇಕು, ಎಷ್ಟು ಆಳ ನಡುಗಬೇಕು ಎಂಬುದು ಕೂಡ ಬರಹದಲ್ಲಿದೆ. ಬಲ್ಲವರು ಬಚ್ಚಿಟ್ಟುಕೊಳ್ಳುವ ಗುಟ್ಟು ಎಂದು ನಾವು ಯಾವುದನ್ನು ತಿಳಿದಿದ್ದೇವೋ ಅದೆಲ್ಲ ಇಲ್ಲಿ ಬಯಲಿನಲ್ಲಿ ಹರಡಿಕೊಂಡಿದೆ.

ಹಾಗಿದ್ದರೆ ಕಲಿಯುವುದು ಸುಲಭವಾಯಿತೇ? ಆಗಲಿಲ್ಲ. ನಾನು 047 ಅನ್ನು ನನ್ನ ಸರಳೆ ವರಸೆಯ ಪಕ್ಕದಲ್ಲಿ ಬರೆದು ಕೇಳಿದೆ, ಮಾಯಾಮಾಳವಗೌಳ ಕೆಟ್ಟಿತು. ಅಂಕೆ ತೆರೆದಿತ್ತು, ಆ ಅಂಕೆ ಅಲ್ಲಿ ಏಕೆ ಕುಳಿತಿದೆ ಎಂಬುದು ತೆರೆದಿರಲಿಲ್ಲ. 'ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತು' ಎಂಬ ಗಾದೆಯನ್ನು ನಾವು ಅನುಕರಣೆಯ ವಿರುದ್ಧ ಬಳಸುತ್ತೇವೆ. ಯೋಚಿಸಿದರೆ ಅಲ್ಲಿ ನರಿಯ ತೊಂದರೆ ಹುಲಿಯನ್ನು ನೋಡಿದ್ದಲ್ಲ, ಸಾಕಷ್ಟು ನೋಡದೇ ಹೋದದ್ದು. ಪಟ್ಟೆಯನ್ನು ಕಂಡಿತು, ಹುಲಿಯನ್ನು ಕಾಣಲಿಲ್ಲ. ಚಿಕ್ಕಂದಿನಲ್ಲಿ ನನಗೆ ಸಂಗೀತ ಹೇಳಿಕೊಟ್ಟ ಅಮ್ಮನವರು ಪಾಠದ ಹೊತ್ತಿನಲ್ಲಿ ಪುಸ್ತಕ ತೆರೆಯಗೊಡುತ್ತಿರಲಿಲ್ಲ. "ಪುಸ್ತಕ ನೋಡಬೇಡ, ನನ್ನ ಬಾಯಿ ನೋಡು" ಎನ್ನುತ್ತಿದ್ದರು. ಅವರು ಹಾಡಿದ್ದನ್ನು ಹಾಗೆಯೇ ಹಾಡಬೇಕು, ನೂರು ಸಲ. ಅದು ಕಾಪಿಯಲ್ಲದೆ ಮತ್ತೇನು? ನೂರನೆಯ ಸಲಕ್ಕೆ ಅವರ ದನಿ ನನ್ನ ಗಂಟಲಿನಲ್ಲಿ ನನ್ನ ದನಿಯಾಗಿ ಹೊರಡುತ್ತಿತ್ತು. ಟ್ರ್ಯಾಕರಿನ ಹುಡುಗರು ತಮ್ಮ ಕೋಣೆಗಳಲ್ಲಿ ಮಾಡಿದ್ದೂ ಇದನ್ನೇ. ಬೇರೆಯವರ ಸಾಲುಗಳನ್ನು ತಮ್ಮ ಕೈಯಿಂದ ಮತ್ತೊಮ್ಮೆ ಬರೆದರು, ಒಂದು ಅಂಕೆ ಬದಲಿಸಿ ಏನಾಗುತ್ತದೆಂದು ಕೇಳಿದರು, ಕೆಟ್ಟರೆ ಏಕೆ ಕೆಟ್ಟಿತೆಂದು ಹುಡುಕಿದರು. ಕಾಪಿ ಬರೆಯುವುದಕ್ಕೂ ಹೊಡೆಯುವುದಕ್ಕೂ ನನಗೆ ಕಂಡ ಮೊದಲನೆಯ ವ್ಯತ್ಯಾಸ ಇದು: ಬರೆದವನಿಗೆ, ನಕಲು ಮುಗಿದ ಮೇಲೂ ಏನೋ ಒಂದು ಕೈಯಲ್ಲಿ ಉಳಿದಿರುತ್ತದೆ. ಹೊಡೆದವನಿಗೆ ಹಾಳೆ ಕೊಟ್ಟ ಮೇಲೆ ಏನೂ ಉಳಿಯುವುದಿಲ್ಲ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಪಡೆದವನ ಲಾಭವನ್ನು ಮಾತ್ರ ನೋಡಿದಂತಾಯಿತು. ಕೊಟ್ಟವನ ಗತಿಯೇನು? ಈ ಪ್ರಶ್ನೆಗೆ ಟ್ರ್ಯಾಕರಿನ ಚರಿತ್ರೆ ಕೊಡುವ ಉತ್ತರ ಅಷ್ಟು ಹಿತವಾಗಿಲ್ಲ. ಒಬಾರ್ಸ್ಕಿಯವರ ತಂತ್ರಾಂಶ ಮಾರಾಟಕ್ಕೆಂದು ಬಂದದ್ದು; ವ್ಯಾಪಾರವಾಗಿ ಅದು ಗೆಲ್ಲಲಿಲ್ಲ. ಬೇರೆಯವರು ಅದನ್ನು ಬಿಚ್ಚಿ, ಒಳಗಿನ ಕಟ್ಟನ್ನು ತಿಳಿದುಕೊಂಡು, ತಿದ್ದಿ, ಹೆಚ್ಚಿಸಿ, ತಮ್ಮ ಆವೃತ್ತಿಗಳೆಂದು ಹಂಚಿದರು. ಮುಂದೆ ಬಂದ ಟ್ರ್ಯಾಕರುಗಳ ದೊಡ್ಡ ಮರ ಬೆಳೆದದ್ದು ಹಾಗೆ ಕಿತ್ತು ನೆಟ್ಟ ಸಸಿಯಿಂದ. ಇನ್ನು ವಾದ್ಯಗಳ ಧ್ವನಿತುಣುಕುಗಳು: ಒಬ್ಬ ಕಷ್ಟಪಟ್ಟು ಮಾಡಿದ ತಮಟೆಯ ಸದ್ದನ್ನು ಇನ್ನೊಬ್ಬ ಅವನ ಕಡತದಿಂದ ಎತ್ತಿ ತನ್ನ ಹಾಡಿಗೆ ಹಾಕಿಕೊಳ್ಳಬಹುದಾಗಿತ್ತು, ಹಾಕಿಕೊಂಡರು ಕೂಡ. ಆ ಒಬ್ಬನೂ ಎಷ್ಟೋ ಸಲ ಅದನ್ನು ಯಾವುದೋ ಧ್ವನಿಮುದ್ರಿಕೆಯಿಂದ ಹಿಡಿದಿರುತ್ತಿದ್ದ. ಎಲ್ಲವೂ ಗುರುಕುಲ, ಎಲ್ಲರೂ ಋಷಿಕುಮಾರರು ಎಂದು ನಾನು ಹೇಳಹೊರಟಿಲ್ಲ.

ಆದರೆ ಆ ಹುಡುಗರು ತಾವಾಗಿಯೇ ಒಂದು ರೀತಿಯನ್ನು ಕಂಡುಕೊಂಡರು, ಅದು ನನ್ನ ಮನಸ್ಸಿಗೆ ಹಿಡಿಸಿತು. ಮಾಡ್ ಕಡತದಲ್ಲಿ ಮೂವತ್ತೊಂದು ವಾದ್ಯಗಳಿಗೆ ಜಾಗ. ಪ್ರತಿಯೊಂದರ ಹೆಸರಿಗೂ ಇಪ್ಪತ್ತೆರಡು ಅಕ್ಷರ. 'ಕೊಳಲು', 'ಮದ್ದಳೆ' ಎಂದು ಬರೆದುಕೊಳ್ಳಲಿ ಎಂದು ಕೊಟ್ಟ ಆ ಪುಟ್ಟ ಗೆರೆಗಳನ್ನು ಅವರು ಕಾಗದ ಬರೆಯುವುದಕ್ಕೆ ಬಳಸಿಕೊಂಡರು. ಈ ಹಾಡು ಇಂಥವನದು, ಇಂಥವರಿಗೆ ನಮಸ್ಕಾರ, ಈ ಸದ್ದು ಇಂಥವನಿಂದ ಪಡೆದದ್ದು, ನನ್ನ ತುಣುಕುಗಳನ್ನು ಕೇಳದೆ ತೆಗೆಯಬೇಡಿ ಎಂಬಂಥ ಮಾತುಗಳು ಆ ಗೆರೆಗಳಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಹಾಡು ಕೇಳುವವನಿಗೆ ಅವು ಕಾಣುವುದಿಲ್ಲ. ತೆರೆದು ನೋಡುವವನಿಗೆ ಮಾತ್ರ, ಅಂದರೆ ಕಲಿಯಲು ಅಥವಾ ಕದಿಯಲು ಬಂದವನಿಗೆ ಮಾತ್ರ, ಮೊದಲು ಕಣ್ಣಿಗೆ ಬೀಳುವುದು ಅವೇ. ಹಿತ್ತಿಲ ಬಾಗಿಲಿನಲ್ಲಿ ನಿಂತು 'ಬಾ, ಆದರೆ ಯಾರ ಮನೆಗೆ ಬಂದಿದ್ದೀಯ ಎಂದು ತಿಳಿದುಕೊಂಡು ಬಾ' ಎಂದ ಹಾಗೆ. ನಮ್ಮ ವಾಗ್ಗೇಯಕಾರರು ಕೃತಿಯ ಕೊನೆಯಲ್ಲಿ ಅಂಕಿತ ಇಡುವುದು ಎಲ್ಲರಿಗೂ ಕೇಳಿಸಲಿ ಎಂದು. ಈ ಅಂಕಿತ ಪಡೆಯಲು ಬಂದವನೊಬ್ಬನ ಕಣ್ಣಿಗೇ.

ಬರಿಯ ಹೆಸರಿನಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಬಹುದು. ತುಂಬುವುದಿಲ್ಲ. ಆದ್ದರಿಂದ ಹೆಸರು ಹೇಳಿದರೆ ಸಾಕು ಎಂದು ನಾನು ಹೇಳುತ್ತಿಲ್ಲ. ಈ ಸಂಗೀತದ ಲೋಕದಲ್ಲೇ ನಡೆದ ಒಂದು ಪ್ರಸಂಗ ಇದನ್ನು ಸ್ಪಷ್ಟ ಮಾಡುತ್ತದೆ. ಫಿನ್ಲೆಂಡಿನ ಯಾನ್ನೆ ಸುನಿ ಎಂಬವರು ಅಮಿಗಾದಲ್ಲಿ ನಾಲ್ಕು ದನಿಗಳ ಒಂದು ಮಾಡ್ ಕಟ್ಟಿದರು. ಹೆಸರು 'ಆಸಿಡ್‌ಜಾಝ್ಡ್ ಈವ್ನಿಂಗ್'. ಅಲ್ಲಿನ 'ಅಸೆಂಬ್ಲಿ' ಎಂಬ ಕೂಟದ 2000ದ ಸ್ಪರ್ಧೆಯಲ್ಲಿ ಅದು ಮೊದಲನೆಯದಾಯಿತು. 2002ರಲ್ಲಿ ನಾರ್ವೆಯ ಗ್ಲೆನ್ ರೂನ್ ಗಲ್ಲೆಫೋಸ್ ಅದನ್ನೇ ಇನ್ನೂ ಹಳೆಯ ಕಮೊಡೋರ್ 64 ಯಂತ್ರಕ್ಕೆ ಹೊಂದುವಂತೆ ಮತ್ತೆ ಬರೆದರು. ಕೃತಿಯ ಹೆಸರು ಅದೇ ಉಳಿಯಿತು. ಇದೂ ನಕಲೇ, ಆದರೆ ಯಾರೂ ದೂರಲಿಲ್ಲ. 2006ರಲ್ಲಿ ಅಮೆರಿಕದ ಪ್ರಸಿದ್ಧ ನಿರ್ಮಾಪಕ ಟಿಂಬಲ್ಯಾಂಡ್ ಅವರು ಗಾಯಕಿ ನೆಲ್ಲಿ ಫರ್ಟಾಡೊ ಅವರಿಗಾಗಿ ಮಾಡಿದ 'ಡೂ ಇಟ್' ಎಂಬ ಹಾಡು ಹೊರಬಂತು. ಅದರಲ್ಲಿ ಈ ಸಂಗೀತವನ್ನು ಹೇಳದೆ ಕೇಳದೆ ಬಳಸಲಾಗಿದೆ ಎಂಬ ಆಪಾದನೆ ಎದ್ದಿತು. ಹಕ್ಕು ಪಡೆದಿದ್ದ ಫಿನ್ಲೆಂಡಿನ ಸಂಸ್ಥೆಯೊಂದು ಅಮೆರಿಕದಲ್ಲಿ ದಾವೆ ಹೂಡಿತು. ಫ್ಲಾರಿಡಾದ ಫೆಡರಲ್ ನ್ಯಾಯಾಲಯ 2011ರಲ್ಲಿ ದಾವೆಯನ್ನು ತಳ್ಳಿಹಾಕಿತು, 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕಾರಣ, ದಾವೆ ಹೂಡುವ ಮೊದಲು ಕೃತಿಯನ್ನು ಅಲ್ಲಿನ ಕಾನೂನಿನಂತೆ ನೋಂದಾಯಿಸಿರಲಿಲ್ಲ ಎಂಬುದು. ತೆಗೆದದ್ದು ನ್ಯಾಯವೋ ಅನ್ಯಾಯವೋ ಎಂಬ ಮಾತಿಗೆ ತೀರ್ಪು ಹೋಗಲೇ ಇಲ್ಲ.

ನ್ಯಾಯಾಲಯ ಹೇಳದ್ದನ್ನು ನಾನು ಹೇಳಲು ಹೋಗುವುದಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೊಂದು ವಿಚಾರ ಹೊಳೆಯಿತು. ನಾರ್ವೆಯವರು ತೆರೆದ ಪುಟದಿಂದ ತೆಗೆದುಕೊಂಡು ತೆರೆದ ಪುಟದಲ್ಲೇ ಇಟ್ಟರು. ಅವರದನ್ನು ಮುಂದೆ ಇನ್ನೊಬ್ಬ ಕೇಳಿ, ಹೆಸರು ಹಿಡಿದು, ಮೊದಲನೆಯವರ ತನಕ ಹೋಗಬಹುದು. ದಾರಿ ಕಡಿದುಹೋಗಿಲ್ಲ. ಅಂಗಡಿಯಲ್ಲಿ ಮಾರುವ ಮುದ್ರಿಕೆ ಹಾಗಲ್ಲ, ಅದು ಮುಚ್ಚಿದ ಪೆಟ್ಟಿಗೆ. ಅದರೊಳಗೆ ಬೇರೆಯವರದ್ದೇನಾದರೂ ಸೇರಿದ್ದರೆ, ಹೊರಗೆ ಹೆಸರೂ ಇಲ್ಲದಿದ್ದರೆ, ಮೊದಲನೆಯವನ ತನಕ ಹೋಗುವ ದಾರಿ ಅಲ್ಲಿಗೆ ಮುಗಿಯಿತು. ಜೊತೆಗೆ ಒಬ್ಬ ಪಡೆದದ್ದು ಸ್ನೇಹಿತರ ಮೆಚ್ಚಿಗೆ, ಇನ್ನೊಬ್ಬರು ಪಡೆಯುವುದು ಹಣ. ಹಣ ಬಂದ ಕಡೆ ಹೆಸರಿನ ಜೊತೆ ಪಾಲೂ ಸಲ್ಲಬೇಕು. ಬಾವಿಯ ನೀರನ್ನು ಊರೆಲ್ಲ ಸೇದಿಕೊಂಡರೆ ಅದು ಊರಬಾವಿ. ಒಬ್ಬ ಅದನ್ನು ಸೇದಿ ಬಾಟಲಿಗೆ ತುಂಬಿ ಮಾರಿದರೆ, ಬಾವಿ ತೋಡಿದವನಿಗೆ ಲೆಕ್ಕ ಕೊಡಬೇಕಾಗುತ್ತದೆ. ತೆರೆದಿಟ್ಟದ್ದರಿಂದ ಪಡೆದವನ ಸಾಲ ತೀರುವುದು ತಾನೂ ತೆರೆದಿಡುವುದರಿಂದ. ಮುಚ್ಚಿಡಬೇಕೆಂದರೆ ಕೇಳಿ ಪಡೆಯಬೇಕು, ಕೊಟ್ಟು ಪಡೆಯಬೇಕು.

ಏಕಲವ್ಯನ ಕಥೆಯನ್ನು ಪಾಠ ಮಾಡುವಾಗಲೆಲ್ಲ ಮಕ್ಕಳು ಹೆಬ್ಬೆರಳಿನ ಬಗ್ಗೆಯೇ ಕೇಳುತ್ತಾರೆ. ಅವನು ಗುರು ಹೇಳಿಕೊಡದಿದ್ದ ವಿದ್ಯೆಯನ್ನು ಗುರುವಿನ ಮಣ್ಣಿನ ಬೊಂಬೆಯ ಮುಂದೆ ಕಲಿತ. ಯಾರು ನಿನ್ನ ಗುರು ಎಂದು ಕೇಳಿದಾಗ ಒಂದು ಗಳಿಗೆಯೂ ತಡೆಯದೆ ದ್ರೋಣರ ಹೆಸರು ಹೇಳಿದ. ಹೇಳದೇ ಇದ್ದಿದ್ದರೆ ಬೆರಳು ಉಳಿಯುತ್ತಿತ್ತು. ನನಗೆ ಈ ಕಥೆಯಲ್ಲಿ ಕಾಣುವ ದೊಡ್ಡ ದುಃಖವೆಂದರೆ ಇದು: ಋಣವನ್ನು ಒಪ್ಪಿಕೊಂಡವನಿಗೆ ಶಿಕ್ಷೆಯಾಯಿತು. ಎಲ್ಲಿ ಹೆಸರು ಹೇಳಿದವನು ಬೆರಳು ಕಳೆದುಕೊಳ್ಳುತ್ತಾನೋ ಅಲ್ಲಿ ಮುಂದಿನವರು ಹೆಸರು ಹೇಳುವುದನ್ನೇ ಬಿಡುತ್ತಾರೆ. ಕಾಪಿ ಹೊಡೆಯುವುದನ್ನು ನಾವೇ ಕಲಿಸುವುದು ಹೀಗೆ.

ಇದು ಪುರಾಣದ ಮಾತಾಗಿ ಉಳಿಯದೆ ನನ್ನ ಮೇಜಿನ ಮೇಲೂ ಬಂತು. ನಮ್ಮ ಶಾಲೆಯಲ್ಲಿ ಮಕ್ಕಳ ಕೈಬರಹದ ಪತ್ರಿಕೆಯೊಂದಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದಕ್ಕೆ ಕಥೆ ಕೊಟ್ಟಳು. ಊರಿಗೆ ಬಂದ ಅಜ್ಜಿಯೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ದಾರಿ ತಪ್ಪುತ್ತಾರೆ, ಮೂವರನ್ನು ಕೇಳುತ್ತಾರೆ, ಮೂರನೆಯವನು, ಎಲ್ಲರೂ ಬೈಯುವ ಹುಡುಗ, ಕೈಹಿಡಿದು ಮನೆ ಮುಟ್ಟಿಸುತ್ತಾನೆ. ಸಹೋದ್ಯೋಗಿಯೊಬ್ಬರು ಓದಿ, "ಮೇಡಂ, ಇದು ಕಾಪಿ. ಲೈಬ್ರರಿಯಲ್ಲಿರುವ ಹಳೇ ಪುಸ್ತಕದಲ್ಲಿ ಮೇಕೆ ಕಳೆದುಕೊಂಡ ಹುಡುಗನ ಕಥೆ ಇದೆಯಲ್ಲ, ಅದೇ ಇದು. ತೆಗೆದುಬಿಡಿ" ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಮೂವರು, ಮೂರನೆಯವನ ಕೆಟ್ಟ ಹೆಸರು, ಕೊನೆಯ ತಿರುವು ಎಲ್ಲ ಅಲ್ಲಿಯವೇ.

ನಾನು ಹುಡುಗಿಯನ್ನು ಕರೆದು ಆ ಪುಸ್ತಕವನ್ನೂ ತರಿಸಿ, ಎರಡು ಕಥೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಕುಳಿತೆ. ಯಾವುದು ಅಲ್ಲಿಂದ ಬಂತು, ಯಾವುದು ಅಲ್ಲಿ ಇಲ್ಲ ಎಂದು ಅವಳೇ ಬೆರಳಿಟ್ಟು ತೋರಿಸಿದಳು. ಅಜ್ಜಿಯ ಮಾತುಗಳು ಅವಳ ಸ್ವಂತ ಅಜ್ಜಿಯವು. ಎಲೆಅಡಿಕೆಯ ಚೀಲದಲ್ಲಿ ಮಗನ ವಿಳಾಸದ ಚೀಟಿ ಇದ್ದೂ, ಓದಲು ಬಾರದ್ದನ್ನು ತೋರಗೊಡದೆ ಆಕೆ 'ಕನ್ನಡಕ ಮರೆತೆ' ಎನ್ನುವುದು ಆ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಕಥೆಯ ಕೆಳಗೆ 'ಇದರ ಕಟ್ಟನ್ನು ಇಂಥ ಕಥೆಯಿಂದ ಕಲಿತೆ' ಎಂದು ಒಂದು ಸಾಲು ಬರಿ ಎಂದೆ. ಹುಡುಗಿ ತಲೆ ತಗ್ಗಿಸಿ ಹೇಳಿದಳು: "ಹಾಗೆ ಬರೆದ್ರೆ ಇದು ನಿಂದಲ್ಲ ಅಂತಾರೆ, ಮಿಸ್."

ಅವಳ ಭಯ ಸುಳ್ಳಲ್ಲ. ಏಕಲವ್ಯನ ಬೆರಳಿನ ಭಯವೇ ಅದು. ಹೇಳದಿದ್ದವರು ಎಷ್ಟೋ ಜನ ಹೊಗಳಿಸಿಕೊಂಡು ಹೋಗುವುದನ್ನು ಅವಳು ನೋಡಿದ್ದಾಳೆ. ನಾನು ಅವಳಿಗೆ ಆ ಇಪ್ಪತ್ತೆರಡು ಅಕ್ಷರದ ಗೆರೆಗಳ ಕಥೆ ಹೇಳಿದೆ. ಲ್ಯಾಪ್‌ಟಾಪಿನಲ್ಲಿ ತೆರೆದು ತೋರಿಸಿದೆ ಕೂಡ. ದೂರದ ದೇಶದ, ಅವಳದೇ ವಯಸ್ಸಿನ ಹುಡುಗರು ತಾವು ಯಾರಿಂದ ಪಡೆದೆವೆಂದು ಬರೆದು, ಅದರ ಕೆಳಗೇ ತಮ್ಮ ಹೆಸರನ್ನೂ ಜಂಬದಿಂದ ಬರೆದುಕೊಂಡದ್ದನ್ನು. ಎರಡೂ ಒಂದೇ ಪಟ್ಟಿಯಲ್ಲಿ ಇರಬಹುದು ಎಂಬುದು ಅವಳಿಗೆ ಹೊಸದಾಗಿತ್ತು. ಮಾರನೆಯ ದಿನ ಆ ಸಾಲನ್ನು ಬರೆದುಕೊಂಡು ಬಂದಳು. ಪತ್ರಿಕೆ ಗೋಡೆಗೆ ಬಂದ ಮೇಲೆ ಕೆಲವರು ರೇಗಿಸಿದ್ದೂ ಉಂಟು. ಸಹೋದ್ಯೋಗಿ ಇಂದಿಗೂ ನನ್ನನ್ನು ಒಪ್ಪಿಲ್ಲ. ಮುಂದಿನ ಸಲ ಅವಳು ಬರೆದ ಕಥೆ ಇಷ್ಟು ಚೆನ್ನಾಗಿರಲಿಲ್ಲ. ನಡುವೆ ಎಲ್ಲೋ ಕುಸಿದಿತ್ತು. ಆದರೆ ಎಲ್ಲಿ ಕುಸಿಯಿತು ಎಂದು ನಾನು ಹೇಳಬೇಕಾಗಲಿಲ್ಲ. "ಇಲ್ಲಿ ಮಿಸ್" ಎಂದು ಅವಳೇ ತೋರಿಸಿದಳು. ಒಂದು ಕಥೆಯನ್ನು ಬಿಚ್ಚಿ ನೋಡಿದವರಿಗೆ ಮಾತ್ರ ಬರುವ ಜ್ಞಾನ ಅದು.

ಈಗಿನ ಮಕ್ಕಳ ಕೈಗೆ ಇನ್ನೊಂದು ಸಾಧನವೂ ಬಂದಿದೆ. 'ನನ್ನ ಮೆಚ್ಚಿನ ಹಬ್ಬ' ಎಂದು ಫೋನಿನಲ್ಲಿ ಕೇಳಿದರೆ ಒಂದು ಪುಟದ ಪ್ರಬಂಧ ಸಿದ್ಧವಾಗಿ ಬರುತ್ತದೆ, ಕಾಗುಣಿತದ ತಪ್ಪೂ ಹೆಚ್ಚಾಗಿ ಇರುವುದಿಲ್ಲ. ಯಂತ್ರ ಬಂದದ್ದಕ್ಕೆ ನನ್ನ ದೂರಿಲ್ಲ. ಟ್ರ್ಯಾಕರ್ ಕೂಡ ಯಂತ್ರವೇ. ನನಗೆ ಕಳವಳವಾಗುವುದು ಬೇರೆ ಕಾರಣಕ್ಕೆ. ಆ ಪ್ರಬಂಧ ಎಷ್ಟು ಜನರ ಬರಹದಿಂದ ಹುಟ್ಟಿತೋ ಅವರಲ್ಲಿ ಒಬ್ಬರ ಹೆಸರೂ ಅದರ ಮೇಲಿಲ್ಲ. ಪಕ್ಕಪಕ್ಕ ಇಟ್ಟು ನೋಡೋಣವೆಂದರೆ ಮೂಲದ ಪುಟವಿಲ್ಲ. ಮಗುವಿನ ಕೈ ಒಂದು ಸಾಲನ್ನೂ ತಡವರಿಸಿ ಬರೆದಿಲ್ಲ. ಯಾರ ಮನೆಗೆ ಬಂದಿದ್ದೇನೆಂದು ತಿಳಿಯದೆಯೇ ಉಂಡು ಎದ್ದು ಹೋಗುವ ಊಟ ಅದು. ಬೈದು ಇದನ್ನು ನಿಲ್ಲಿಸಲಾಗದು. ನೋಡಿ ಬರೆಯುವುದೇ ಪಾಪ ಎಂದು ಮಕ್ಕಳನ್ನು ಹೆದರಿಸಿಟ್ಟರೆ, ಅವರು ನೋಡಿದ್ದನ್ನು ಮುಚ್ಚಿಡುತ್ತಾರೆ. ಮುಚ್ಚಿಡುವುದಕ್ಕೆ ಈ ಫೋನಿಗಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ.

ಅದಕ್ಕಾಗಿ ನಾನೊಂದು ರೂಢಿ ಮಾಡಿಕೊಂಡಿದ್ದೇನೆ. ಸ್ವಂತ ಬರವಣಿಗೆ ಕೊಟ್ಟಾಗಲೆಲ್ಲ ಪುಟದ ಕೊನೆಯಲ್ಲಿ ಎರಡು ಗೆರೆ ಬಿಡಲು ಹೇಳುತ್ತೇನೆ. ಯಾರನ್ನು ನೋಡಿದೆ, ಏನನ್ನು ತೆಗೆದುಕೊಂಡೆ, ಏನನ್ನು ಬದಲಿಸಿದೆ ಎಂಬುದನ್ನು ಅಲ್ಲಿ ಬರೆಯಬೇಕು. ಅಪ್ಪ ಹೇಳಿದ ಮಾತಾದರೂ ಸರಿ, ಫೋನು ಹೇಳಿದ್ದಾದರೂ ಸರಿ. ಅಲ್ಲಿ ಬರೆದದ್ದಕ್ಕೆ ಅಂಕ ಕಳೆಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟಿದ್ದೇನೆ, ಆ ಮಾತನ್ನು ಉಳಿಸಿಕೊಂಡಿದ್ದೇನೆ. ಕೆಲವರು ಖಾಲಿ ಬಿಡುತ್ತಾರೆ, ಕೆಲವರು ಸುಳ್ಳು ಬರೆಯುತ್ತಾರೆ. ಬರೆಯುವವರು ಮಾತ್ರ ವರ್ಷದ ಕೊನೆಯ ಹೊತ್ತಿಗೆ ಆ ಎರಡು ಗೆರೆ ಸಾಲದೆಂದು ಮೂರನೆಯದನ್ನು ಕೇಳುತ್ತಾರೆ. ಕೊಡುತ್ತೇನೆ.